‘ಓಡಿ ಹೋದಳು’ ಎನ್ನುವ ಮುನ್ನ

ಸುಕುಮಾರ ಕುರುಪನ ಹೆಸರು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಮಂಜೇಶ್ವರದಿಂದ ತಿರುವನಂತಪುರದವರೆಗೆ ಯಾವ ಚಹಾದಂಗಡಿಯಲ್ಲಿ ಬೇಕಾದರೂ ವಿಚಾರಿಸಿ ನೋಡಿ. 1984ರ ಜನವರಿಯಲ್ಲಿ ಮಾವೇಲಿಕ್ಕರದ ಹತ್ತಿರ ಒಬ್ಬ ಮನುಷ್ಯನನ್ನು ಕೊಂದು, ಕಾರಿನೊಳಗಿಟ್ಟು ಸುಟ್ಟು, ಸತ್ತವನು ತಾನೇ ಎಂದು ನಂಬಿಸಿ ವಿಮೆಯ ಹಣ ಪಡೆಯಲು ಹೊರಟವನು. ಸಂಚು ಬಯಲಾಯಿತು, ಆತ ತಲೆಮರೆಸಿಕೊಂಡ, ಇಂದಿಗೂ ಸಿಕ್ಕಿಲ್ಲ. ಅವನನ್ನು ಅಲ್ಲಿ ಕಂಡೆವು, ಇಲ್ಲಿ ಕಂಡೆವು ಎಂಬ ಸುದ್ದಿ ನಾಲ್ಕು ದಶಕಗಳಿಂದ ನಿಂತಿಲ್ಲ. 2021ರಲ್ಲಿ ಅವನ ಹೆಸರಿನದೇ ಸಿನಿಮಾ ಬಂತು.

ಸರಿ, ಸುಟ್ಟು ಹೋದವನ ಹೆಸರೇನು? ಈಗ ಚಹಾದಂಗಡಿಯಲ್ಲಿ ಮಾತು ನಿಲ್ಲುತ್ತದೆ. ಚಾಕೊ ಎಂದು ಅವನ ಹೆಸರು. ಸಿನಿಮಾ ಕಂಪೆನಿಯ ಪ್ರತಿನಿಧಿಯಾಗಿ ದುಡಿಯುತ್ತಿದ್ದವನು, ರಾತ್ರಿ ಮನೆಗೆ ಹೋಗಲು ಬಸ್ಸಿಗೆ ಕಾದು ನಿಂತಿದ್ದವನು, ಕಾರು ನಿಲ್ಲಿಸಿದವರ ಮಾತು ನಂಬಿ ಹತ್ತಿದವನು. ಮನೆಯಲ್ಲಿ ಹೆಂಡತಿ ಗರ್ಭಿಣಿ.

ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಅಪರಾಧದ ಕಥೆ ಓದುವುದು ತಪ್ಪೆಂದು ನಾನು ಹೇಳುವುದಿಲ್ಲ. ಬ್ಯಾಂಕಿನ ಲೆಕ್ಕ ಮುಗಿಸಿ ಮನೆಗೆ ಬಂದ ಮೇಲೆ ನಾನೂ ಪತ್ತೇದಾರಿ ಕಾದಂಬರಿ ಹಿಡಿದು ಕೂತವನೇ. ಆದರೆ ಕೊಂದವನ ಚಾಣಾಕ್ಷತನವನ್ನು ಚಪ್ಪರಿಸುವ ನಾವು, ಕಾಣೆಯಾದವರನ್ನು ಕಥೆಯ ಮೊದಲ ಪುಟದಲ್ಲೇ ಬಿಟ್ಟು ಮುಂದೆ ಹೋಗುತ್ತೇವೆ. ಕಥೆಯಲ್ಲಿ ಇದು ನಡೆದೀತು. ಊರಿನಲ್ಲೂ ಹೀಗೆಯೇ ನಡೆದುಕೊಂಡರೆ ಕೊಲೆಗಾರನಿಗೆ ಚಾಣಾಕ್ಷತನದ ಅಗತ್ಯವೇ ಇರುವುದಿಲ್ಲ.

ಗಡಿಯಾಚೆ ದಕ್ಷಿಣ ಕನ್ನಡದ ‘ಸಯನೈಡ್ ಮೋಹನ’ನ ವಿಷಯವನ್ನೇ ತೆಗೆದುಕೊಳ್ಳಿ. ಪ್ರಾಥಮಿಕ ಶಾಲೆಯ ಅಧ್ಯಾಪಕನಾಗಿದ್ದವನು. ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಎಂದು ಬಡಮನೆಯ ಹೆಣ್ಣುಮಕ್ಕಳನ್ನು ನಂಬಿಸಿ, ದೂರದ ಪೇಟೆಯ ಲಾಡ್ಜಿಗೆ ಕರೆದೊಯ್ದು, ಮರುದಿನ ಬೆಳಿಗ್ಗೆ ಮೈಮೇಲಿನ ಒಡವೆಯನ್ನು ಕೋಣೆಯಲ್ಲೇ ತೆಗೆದಿರಿಸಿ, ಬಸರು ನಿಲ್ಲದಿರುವ ಮಾತ್ರೆಯೆಂದು ಸಯನೈಡ್ ಕೊಟ್ಟು ಬಸ್ ನಿಲ್ದಾಣದ ಶೌಚಾಲಯಕ್ಕೆ ಕಳುಹಿಸುತ್ತಿದ್ದ. 2009ರ ಅಕ್ಟೋಬರಿನಲ್ಲಿ ಅವನನ್ನು ಹಿಡಿದ ಮೇಲೆ ಲೆಕ್ಕಕ್ಕೆ ಬಂದದ್ದು ಇಪ್ಪತ್ತು ಕೊಲೆಗಳು. ಅದರಲ್ಲಿ ನಮ್ಮ ಕಾಸರಗೋಡಿನ ಹೆಣ್ಣುಮಕ್ಕಳೂ ಇದ್ದರು. 2020ರಲ್ಲಿ ಮಂಗಳೂರಿನ ನ್ಯಾಯಾಲಯ ಇಪ್ಪತ್ತನೆಯ ಪ್ರಕರಣದ ತೀರ್ಪು ಕೊಟ್ಟದ್ದು, ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿ ಬದುಕುತ್ತಿದ್ದ ನಮ್ಮ ಜಿಲ್ಲೆಯ ಯುವತಿಯ ಕೊಲೆಗಾಗಿ.

ಒಂದಲ್ಲ, ಎರಡಲ್ಲ, ಇಪ್ಪತ್ತು! ಅಲ್ಲಿಯ ತನಕ ಹೋದದ್ದು ಹೇಗೆ? ಅವನ ಬುದ್ಧಿವಂತಿಕೆಯಿಂದಲೇ? ಹಾಗೆಂದು ಪತ್ರಿಕೆಗಳು ಬರೆದವು. ನನಗೆ ಹಾಗೆನ್ನಿಸುವುದಿಲ್ಲ. ಒಬ್ಬಳು ಮನೆಗೆ ಬಾರದಿದ್ದಾಗ ಊರು ‘ಓಡಿ ಹೋದಳು’ ಎಂದಿತು. ಮಾನಕ್ಕೆ ಅಂಜಿ ಮನೆಯವರು ಬಾಯಿ ಮುಚ್ಚಿದರು. ಠಾಣೆಗೆ ಹೋದವರಿಗೂ ಹೆಚ್ಚೇನೂ ಸಿಗಲಿಲ್ಲ. ಅದೇ ಹೊತ್ತಿಗೆ ಮೈಸೂರು, ಮಡಿಕೇರಿ, ಹಾಸನ, ಬೆಂಗಳೂರಿನ ನಿಲ್ದಾಣಗಳಲ್ಲಿ ಸಿಕ್ಕಿದ ಹೆಣಗಳಿಗೆ ‘ಅಪರಿಚಿತ ಹೆಂಗಸು, ಅಸಹಜ ಸಾವು’ ಎಂದು ಕಡತ ತೆರೆದು, ಮಣ್ಣು ಮಾಡಿ, ಕಡತ ಮುಚ್ಚಿದರು. ಒಂದು ಠಾಣೆಯಲ್ಲಿ ಹೆಸರಿದೆ, ಹೆಣವಿಲ್ಲ. ಇನ್ನೊಂದರಲ್ಲಿ ಹೆಣವಿದೆ, ಹೆಸರಿಲ್ಲ. ಆ ಎರಡು ಕಡತಗಳನ್ನು ಒಂದೇ ಮೇಜಿನ ಮೇಲೆ ಇಡುವವರಿರಲಿಲ್ಲ. ಮೋಹನನನ್ನು ಕಾಪಾಡಿದ್ದು ಆ ಎರಡು ಮೇಜುಗಳ ನಡುವಿನ ದೂರ.

ಕೊನೆಗೆ ಅವನು ಸಿಕ್ಕಿದ್ದಾದರೂ ಹೇಗೆ? 2009ರ ಜೂನಿನಲ್ಲಿ ಬಂಟ್ವಾಳ ತಾಲೂಕಿನ ಯುವತಿಯೊಬ್ಬಳು ಕಾಣೆಯಾದಾಗ, ಅನ್ಯಮತದವನ ಜೊತೆ ಓಡಿ ಹೋಗಿದ್ದಾಳೆಂದು ಪುಕಾರು ಎದ್ದಿತು. ಜನ ಗುಂಪುಗೂಡಿ ಠಾಣೆಯನ್ನು ಮುತ್ತಿದರು. ಪುಕಾರು ಶುದ್ಧ ಸುಳ್ಳಾಗಿತ್ತು. ಆದರೆ ಒತ್ತಡ ಬಿದ್ದದ್ದರಿಂದ ಪೋಲೀಸರು ಅವಳ ಫೋನಿನ ಕರೆಗಳ ಪಟ್ಟಿ ತೆಗೆಸಿದರು. ಅದರಿಂದ ಕಾಣೆಯಾದ ಇನ್ನೊಬ್ಬಳ ಸುಳಿವು, ಅವಳಿಂದ ಮತ್ತೊಬ್ಬಳದು, ಹೀಗೆ ಎಳೆ ಸಿಕ್ಕಿತು. ಮಹನೀಯರೇ, ಇದನ್ನು ಗಮನಿಸಬೇಕು. ದ್ವೇಷಕ್ಕಾಗಿ ಠಾಣೆಯ ಬಾಗಿಲು ಬಡಿಯಲು ನೂರಾರು ಜನ ಬರುತ್ತಾರೆ. ಅದಕ್ಕೆ ಮೊದಲು ಹೋದ ಹೆಣ್ಣುಮಕ್ಕಳಿಗಾಗಿ, ಬರೇ ಅವರಿಗಾಗಿ, ಬಡಿದವರೆಷ್ಟು ಮಂದಿ?

ನಾವು ಎರಡು ಭಾಷೆಗಳ ನಡುವೆ ಬದುಕುವವರು. ಅರ್ಜಿಗೊಂದು ಭಾಷೆ, ಅಡುಗೆಮನೆಗೊಂದು ಭಾಷೆ. ಶಾಲೆಯ ಬಗ್ಗೆ, ನಾಮಫಲಕದ ಬಗ್ಗೆ ಕನ್ನಡದವರೂ ಮಲಯಾಳದವರೂ ಎಷ್ಟು ಜಗಳವಾಡಿದ್ದೇವೆ! ಆದರೆ ಒಂದು ಮಾತಿನಲ್ಲಿ ಮಾತ್ರ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ. ಇಲ್ಲಿ ‘ಓಡಿ ಹೋದಳು’, ಅಲ್ಲಿ ‘ಒಳಿಚ್ಚೋಡಿ’. ಪತ್ರಿಕೆಯ ಮೂಲೆಯಲ್ಲಿ ಫೋಟೋ ಹಾಕಿ ‘ಕಾಣೆಯಾಗಿದ್ದಾರೆ’, ‘ಕಾಣ್ಮಾನಿಲ್ಲ’ ಎಂದು ಯಾರೋ ಬೇಡಿಕೊಂಡಿರುತ್ತಾರೆ. ನಾವು ಅದನ್ನು ನೋಡಿ, ವಯಸ್ಸು ಲೆಕ್ಕ ಹಾಕಿ, ಹುಡುಗಿಯಾದರೆ ಒಂದು ನಗೆ ನಕ್ಕು ಪುಟ ಮಗುಚುತ್ತೇವೆ. ಆ ನಗೆಗೆ ಅನುವಾದ ಬೇಕಿಲ್ಲ.

ನಮ್ಮ ಜಿಲ್ಲೆಯೊಳಗೇ ನಡೆದದ್ದನ್ನು ಮರೆಯಲಾದೀತೇ? ಕೊಡಗಿನ ಬಡ ಕುಟುಂಬದ ಹದಿಮೂರು ವರ್ಷದ ಹುಡುಗಿ, ಮುಳಿಯಾರಿನ ಮನೆಯೊಂದರಲ್ಲಿ ಕೆಲಸಕ್ಕಿದ್ದವಳು, 2006ರ ಡಿಸೆಂಬರಿನಲ್ಲಿ ಕಾಣೆಯಾದಳು. ಕಾಣೆಯಾದಳೆಂಬ ಮಾತು ಹೊರಟದ್ದೇ ದುಡಿಸಿಕೊಂಡವರ ಬಾಯಿಂದ. ನಿಜವೇನೆಂದರೆ, ಅವಳನ್ನು ಗೋವಾಕ್ಕೆ ಕರೆದೊಯ್ದು ಅಲ್ಲೇ ಕೊಂದು ಹೂತಿದ್ದರು. ಹೆತ್ತವರ ಜೊತೆ ಕಾಸರಗೋಡಿನ ಜನ ಕ್ರಿಯಾಸಮಿತಿ ಕಟ್ಟಿ, ದಿನಗಟ್ಟಲೆ ಧರಣಿ ಕುಳಿತ ಮೇಲೆ ತನಿಖೆ ಕ್ರೈಂ ಬ್ರಾಂಚಿಗೆ ಹೋಯಿತು. 2008ರಲ್ಲಿ ಗೋವಾದ ಕಾಮಗಾರಿಯೊಂದರ ಜಾಗದಲ್ಲಿ ಎಲುಬುಗಳು ಸಿಕ್ಕಿದವು. 2015ರಲ್ಲಿ ಕಾಸರಗೋಡಿನ ಸೆಷನ್ಸ್ ನ್ಯಾಯಾಲಯ ಮುಖ್ಯ ಆರೋಪಿಗೆ ಮರಣದಂಡನೆ ವಿಧಿಸಿತು, ಅನಂತರ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. ನ್ಯಾಯಾಲಯದಲ್ಲಿ ಸಾಕ್ಷ್ಯವಸ್ತುವಾಗಿ ಉಳಿದಿದ್ದ ಮಗಳ ತಲೆಬುರುಡೆ ಹೆತ್ತವರ ಕೈಗೆ ಸಿಕ್ಕಿ, ಊರಿನಲ್ಲಿ ದಫನವಾದದ್ದು 2025ರಲ್ಲಿ. ಕೊಡಗು, ಕಾಸರಗೋಡು, ಗೋವಾ: ಮೂರು ರಾಜ್ಯ. ಗಡಿ ದಾಟಲು ಅಪರಾಧಿಗೆ ಒಂದು ವಾಹನ ಸಾಕಾಯಿತು. ನ್ಯಾಯಕ್ಕೆ ಧರಣಿ ಬೇಕಾಯಿತು.

ಕೇಳುವವರಿದ್ದರೆ ಏನಾಗುತ್ತದೆಂಬುದಕ್ಕೆ ಕೇರಳದಲ್ಲೇ ದೊಡ್ಡ ಉದಾಹರಣೆಯಿದೆ. 1976ರ ಮಾರ್ಚಿನಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಕೋಝಿಕ್ಕೋಡಿನ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನ್‌ನನ್ನು ಪೋಲೀಸರು ಹಿಡಿದೊಯ್ದರು. ತಂದೆ ಈಚರ ವಾರಿಯರ್ ಹಿಂದಿ ಅಧ್ಯಾಪಕರು, ನಮ್ಮ ನಿಮ್ಮಂಥ ಸಂಬಳದ ಮನುಷ್ಯ. ಅವರು ಕಂಡ ಕಂಡ ಅಧಿಕಾರಿಗಳ ಬಾಗಿಲಿಗೆ ಹೋದರು, ಮಂತ್ರಿಗಳ ಬಾಗಿಲಿಗೆ ಹೋದರು, 1977ರಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅಂಥವನನ್ನು ಹಿಡಿದೇ ಇಲ್ಲ ಎಂದಿತು ಸರಕಾರ. ಹೈಕೋರ್ಟು ಅದನ್ನು ಒಪ್ಪಲಿಲ್ಲ. ಮುಖ್ಯಮಂತ್ರಿ ಕರುಣಾಕರನ್ ಅದೇ ಏಪ್ರಿಲಿನಲ್ಲಿ ರಾಜೀನಾಮೆ ಕೊಡಬೇಕಾಯಿತು. ಮಗನ ಶವ ಮಾತ್ರ ಸಿಗಲೇ ಇಲ್ಲ, 2006ರಲ್ಲಿ ತಂದೆ ತೀರಿಕೊಂಡರು. ಆದರೂ, ನನ್ನ ಮಗನೆಲ್ಲಿ ಎಂಬ ಒಂದು ಪ್ರಶ್ನೆಯನ್ನು ಲಿಖಿತವಾಗಿ, ಹೆಸರು ಹಾಕಿ ಕೇಳಿದ್ದಕ್ಕೆ ಒಂದು ಸರಕಾರವೇ ಉತ್ತರಿಸಬೇಕಾಯಿತು. ನಮ್ಮ ಮನೆಗಳಲ್ಲಿ ಆ ಪ್ರಶ್ನೆಯನ್ನೇ ನುಂಗಿಬಿಡುತ್ತೇವೆ.

ನುಂಗಿದ್ದರ ಫಲವನ್ನು ನನ್ನಂಥ ಗುಮಾಸ್ತರು ಕೌಂಟರಿನ ಈಚೆಯಿಂದ ಕಾಣುತ್ತೇವೆ. ವಯಸ್ಸಾದ ತಾಯಿಯೊಬ್ಬರು ಮಗಳ ಪಾಸ್‌ಬುಕ್ಕು ಹಿಡಿದು ಬಂದಿದ್ದರು. ಬೀಡಿ ಕಟ್ಟಿ ಕೂಡಿಟ್ಟ ಹಣ. ಮಗಳು ಹೋಗಿ ಒಂಬತ್ತು ವರ್ಷ. ಪೋಲೀಸ್ ಕಾಗದ ಏನಾದರೂ ಇದೆಯೇ ಅಮ್ಮಾ ಎಂದೆ. “ಕಂಪ್ಲೇಂಟು ಕೊಡಲಿಲ್ಲ ಸಾರ್, ಕೆಳಗಿನ ಇಬ್ಬರಿಗೆ ಮದುವೆ ಆಗಬೇಕಿತ್ತಲ್ಲ” ಎಂದರು. ನಿಯಮ ಏನು ಹೇಳುತ್ತದೆ? ಏಳು ವರ್ಷ ಕಾಲ, ಸುದ್ದಿ ತಿಳಿಯಬೇಕಾದವರಿಗೇ ಸುದ್ದಿ ಇಲ್ಲದವರನ್ನು ತೀರಿಕೊಂಡವರೆಂದು ಕಾನೂನು ಭಾವಿಸಬಹುದು. ಹಳೆಯ ಸಾಕ್ಷ್ಯ ಅಧಿನಿಯಮದ 108ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 111. ಸಣ್ಣ ಮೊತ್ತವಾದರೆ ಕೋರ್ಟಿಗೆ ಅಲೆಸದೆ, ಎಫ್.ಐ.ಆರ್. ಮತ್ತು ‘ಪತ್ತೆಯಾಗಿಲ್ಲ’ ಎಂಬ ಪೋಲೀಸ್ ವರದಿಯ ಮೇಲೆ ವಾರಸುದಾರರಿಗೆ ಹಣ ಕೊಡಬಹುದೆಂದು ರಿಸರ್ವ್ ಬ್ಯಾಂಕು 2008ರಲ್ಲೇ ಸುತ್ತೋಲೆ ಹೊರಡಿಸಿತ್ತು. ಆದರೆ ಫಿರ್ಯಾದೇ ಇಲ್ಲದಿದ್ದರೆ ಎಫ್.ಐ.ಆರ್. ಎಲ್ಲಿಂದ ಬರಬೇಕು? ಆ ಮಗಳು ನಮ್ಮ ಪುಸ್ತಕದಲ್ಲಿ ಬದುಕಿದವಳೂ ಅಲ್ಲ, ಸತ್ತವಳೂ ಅಲ್ಲ. ಮಾನ ಉಳಿಸಿಕೊಳ್ಳಲು ತಾಯಿ ತೆತ್ತ ಬೆಲೆ ಅದು. ಆ ಮಾನಕ್ಕೆ ಬೆಲೆ ಕಟ್ಟಿದವರಾದ ನಾವು ಒಂದು ಪೈಸೆ ಕೊಡಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. “ನಿಜವಾಗಿ ಇಷ್ಟಪಟ್ಟು ಹೋದವರೂ ಇದ್ದಾರಲ್ಲ? ಅವರನ್ನು ಪೋಲೀಸರಿಂದ ಎಳೆದು ತರಿಸಬೇಕೇ?” ಬೇಡ, ಖಂಡಿತ ಬೇಡ. ಪ್ರಾಪ್ತ ವಯಸ್ಸಿನ ಹೆಣ್ಣು ತನ್ನ ಬಾಳನ್ನು ತಾನೇ ಆರಿಸಿಕೊಳ್ಳಬಹುದೆಂದು ಸುಪ್ರೀಂ ಕೋರ್ಟು 2018ರಲ್ಲಿ ಕೇರಳದ್ದೇ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಹುಡುಕುವುದು ಬೇರೆ, ಎಳೆದು ತರುವುದು ಬೇರೆ. ಹುಡುಕಿ, ಕಂಡು, “ಸುಖವಾಗಿದ್ದೀಯಾ ಮಗಳೇ?” ಎಂದು ಕೇಳಿ, ಹೌದೆಂದರೆ ಹಿಂತಿರುಗಿ ಬರಬಹುದು. ಇಷ್ಟಪಟ್ಟು ಹೋದವಳಿಗೆ ಇದರಿಂದ ನಷ್ಟವಿಲ್ಲ. ಮೋಹನನಂಥವನ ಜೊತೆ ಬಸ್ಸು ಹತ್ತಿದವಳೂ ಇಷ್ಟಪಟ್ಟೇ ಹೋಗಿದ್ದಳು, ಅವಳಿಗೆ ಅದೊಂದೇ ರಕ್ಷೆಯಾಗಿತ್ತು.

ಪೋಲೀಸರನ್ನು ಬೈದು ಲೇಖನ ಮುಗಿಸುವುದು ಸುಲಭ. ಬೈಯಬೇಕಾದಲ್ಲಿ ಬೈಯೋಣ. ಆದರೆ ನಮ್ಮ ಕೈಯಲ್ಲಿರುವುದನ್ನು ಮೊದಲು ತಿಳಿದುಕೊಳ್ಳೋಣ. ಇಪ್ಪತ್ತನಾಲ್ಕು ಗಂಟೆ ಕಾಯಬೇಕೆಂಬ ಕಾನೂನು ಎಲ್ಲಿಯೂ ಇಲ್ಲ. ಮಗು ಕಾಣೆಯಾದರೆ ಕೂಡಲೇ ಎಫ್.ಐ.ಆರ್. ದಾಖಲಿಸಬೇಕೆಂದು ಸುಪ್ರೀಂ ಕೋರ್ಟು 2013ರಲ್ಲೇ ಆದೇಶಿಸಿದೆ. ಕೇರಳ ಪೋಲೀಸ್ ಕಾಯಿದೆಯ 57ನೇ ಕಲಮಿನಂತೆ, ದೊಡ್ಡವರು ಕಾಣೆಯಾದರೂ ಹುಡುಕುವುದು ಪೋಲೀಸರ ಕರ್ತವ್ಯ. 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಕೊಲೆ ಅಪಹರಣದಂಥ ಅಪರಾಧದ ಮಾಹಿತಿಯನ್ನು, ಅದು ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಕೊಡಬಹುದು. ‘ಇದು ಮಂಗಳೂರಿನವರ ಕೇಸು’, ‘ಇದು ಕೇರಳದವರ ಕೇಸು’ ಎಂದು ಅತ್ತಿತ್ತ ಅಟ್ಟುವಂತಿಲ್ಲ. ಭಾಷೆ ಬಾರದೆಂದು ಹಿಂಜರಿಯಬೇಕಾಗಿಯೂ ಇಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ನಮ್ಮ ಜಿಲ್ಲೆಯ ಕಚೇರಿಗಳಿಗೆ ಕನ್ನಡದಲ್ಲೇ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ನಾಮಫಲಕಕ್ಕಾಗಿ ಬಳಸಿದ ಆ ಹಕ್ಕನ್ನು ಕಾಣೆಯಾದ ಮಗಳಿಗಾಗಿಯೂ ಬಳಸಬಾರದೇ?

ಈ ವಾರ್ಷಿಕಾಂಕ ಓದುವ ಕುಟುಂಬಗಳಲ್ಲಿ ನನ್ನದು ಇಷ್ಟೇ ವಿನಂತಿ. ನೆರೆಮನೆಯ ಹುಡುಗಿ ರಾತ್ರಿ ಬಾರದಿದ್ದರೆ ಕಾರಣ ಊಹಿಸಬೇಡಿ, ಅವಳ ತಂದೆ ತಾಯಿಯ ಜೊತೆ ಠಾಣೆಗೆ ನಡೆಯಿರಿ. ಫಿರ್ಯಾದು ಬರೆದುಕೊಡಿ, ರಸೀದಿ ಕೇಳಿ ಪಡೆಯಿರಿ, ಫೋಟೋವನ್ನು ಎರಡು ಭಾಷೆಯ ಪತ್ರಿಕೆಗೂ ಕೊಡಿ, ಗಡಿಯಾಚೆಯ ಠಾಣೆಗೂ ಆಸ್ಪತ್ರೆಗಳ ಶವಾಗಾರಗಳಿಗೂ ತಲುಪಿಸಿ. ಸಂಘ, ಭಜನಾ ಮಂದಿರ, ಮಸೀದಿ, ಇಗರ್ಜಿಗಳ ಸೂಚನಾ ಫಲಕದಲ್ಲಿ ಜಾಗ ಕೊಡಿ. ಸಂಪಾದಕರಲ್ಲಿಯೂ ಒಂದು ಮಾತು: ಮುಂದಿನ ಅಂಕದಿಂದ ನಮ್ಮ ಜಿಲ್ಲೆಯಲ್ಲಿ ಕಾಣೆಯಾಗಿ ಇನ್ನೂ ಪತ್ತೆಯಾಗದವರ ಹೆಸರುಗಳಿಗೆ, ಮನೆಯವರ ಒಪ್ಪಿಗೆ ಪಡೆದು, ಕನ್ನಡದಲ್ಲೊಂದು ಮಲಯಾಳದಲ್ಲೊಂದು ಪುಟ ಮೀಸಲಿಡಿ. ನನ್ನ ಲೇಖನಕ್ಕೆ ಆಗ ಜಾಗವಿಲ್ಲದಿದ್ದರೂ ಅಡ್ಡಿಯಿಲ್ಲ.