ಬೆವರಿನ ಪರೀಕ್ಷೆಗೆ ಹನ್ನೊಂದು ತಿಂಗಳು

ಮೊದಲು ಅದನ್ನು ಗುರುತಿಸಿದವಳು ನನ್ನ ಹೆಂಡತಿ. ಮೂರು ತಿಂಗಳ ಮೊಮ್ಮಗಳ ಹಣೆಗೆ ಮುತ್ತಿಟ್ಟು, ತುಟಿ ಒರೆಸಿಕೊಂಡು, ‘ಇದೇನು, ಮಗು ಇಷ್ಟು ಉಪ್ಪಾಗಿದೆ’ ಎಂದಳು. ಸೆಕೆಗಾಲ, ಬೆವರಿರಬೇಕು ಎಂದು ನಾನು ಪತ್ರಿಕೆಯಿಂದ ತಲೆ ಎತ್ತದೆಯೇ ಉತ್ತರಿಸಿದೆ. ಹನ್ನೊಂದು ತಿಂಗಳ ನಂತರ ಒಬ್ಬ ವೈದ್ಯೆ, ‘ಮಗುವಿನ ಮೈ ಉಪ್ಪು ರುಚಿ ಕೊಡುತ್ತದೆ ಎಂದು ಮನೆಯಲ್ಲಿ ಯಾರಾದರೂ ಹೇಳಿದ್ದುಂಟೇ?’ ಎಂದು ಕೇಳಿದಾಗ ನಾವಿಬ್ಬರೂ ಪರಸ್ಪರ ಮುಖ ನೋಡಿಕೊಂಡೆವು. ಮುತ್ತಿಟ್ಟರೆ ಉಪ್ಪು ರುಚಿಸುವ ಮಗು ಹೆಚ್ಚು ದಿನ ಬದುಕದು ಎಂಬ ನಂಬಿಕೆ ಯುರೋಪಿನ ಹಳ್ಳಿಗರಲ್ಲಿ ಶತಮಾನಗಳ ಹಿಂದೆಯೇ ಇತ್ತಂತೆ. ಅವರಿಗೆ ಕಾಯಿಲೆಯ ಹೆಸರು ಗೊತ್ತಿರಲಿಲ್ಲ, ಲಕ್ಷಣ ಗೊತ್ತಿತ್ತು.

ಆ ಹನ್ನೊಂದು ತಿಂಗಳಲ್ಲಿ ನಾವು ಕಂಡ ವೈದ್ಯರು ಐವರು. ಮೊದಲನೆಯವರು ಕೆಮ್ಮು ಅಲರ್ಜಿಯದೆಂದರು. ಎರಡನೆಯವರ ಕೈಯಲ್ಲಿ ಮಗು ನ್ಯುಮೋನಿಯಾ ಎಂದು ಎರಡು ಸಲ ಆಸ್ಪತ್ರೆ ಸೇರಿತು. ಎಣ್ಣೆ ತೇಲುವಂತಿದ್ದ, ಮನೆಯೆಲ್ಲ ನಾರುತ್ತಿದ್ದ ಮಲಕ್ಕೆ ಹಾಲು ಒಗ್ಗದಿರುವುದೇ ಕಾರಣವೆಂದು ಮೂರು ಬಗೆಯ ಡಬ್ಬಿ ಪುಡಿಗಳನ್ನು ಬದಲಾಯಿಸಿದ್ದಾಯಿತು. ಮುಂದೆ ಕ್ಷಯದ ಸಂಶಯ. ಮೂರು ತಿಂಗಳು ಅದರ ಔಷಧ. ಊರಿನಿಂದ ಬಂದ ಹಿರಿಯರು ಬಾಲಗ್ರಹವೆಂದು ತೀರ್ಮಾನಿಸಿ ಸೊಂಟಕ್ಕೊಂದು ತಾಯಿತ ಕಟ್ಟಿಸಿದರು. ಮಗು ಹಸಿದ ಹಕ್ಕಿಯಂತೆ ತಿನ್ನುತ್ತಿತ್ತು, ತೂಕ ಮಾತ್ರ ಏರುತ್ತಿರಲಿಲ್ಲ. ವರ್ಷ ತುಂಬುವ ಹೊತ್ತಿಗೆ ಆರು ಕಿಲೋ ಮುಟ್ಟಿರಲಿಲ್ಲ. ಒಂದು ದೊಡ್ಡ ಆಸ್ಪತ್ರೆಯಲ್ಲಿ, ಇನ್ನೂ ಓದುತ್ತಿದ್ದ ಕಿರಿಯ ವೈದ್ಯನೊಬ್ಬ ಚೀಟಿಯ ಅಂಚಿನಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ. ಅವನ ಹಿರಿಯರು ನಕ್ಕು, ‘ಅದು ಬಿಳಿಯರ ಕಾಯಿಲೆ ಕಣಯ್ಯ’ ಎಂದು ಅದನ್ನು ಹೊಡೆದುಹಾಕಿದರು. ಆ ಗೆರೆಯಿಂದಾಗಿ ನಮಗೆ ಇನ್ನೂ ನಾಲ್ಕು ತಿಂಗಳು ಹೋಯಿತು.

ಬಿಳಿಯರಲ್ಲಿ ಅದು ಹೆಚ್ಚು ಎಂಬುದು ನಿಜ. ನಮ್ಮಲ್ಲಿ ಇಲ್ಲ ಎಂಬುದು ಸುಳ್ಳು. ಬ್ರಿಟನ್, ಅಮೆರಿಕಗಳಲ್ಲಿ ನೆಲೆಸಿರುವ ಭಾರತೀಯ ಮೂಲದವರ ಲೆಕ್ಕದಿಂದ, 10 ಸಾವಿರದಿಂದ 40 ಸಾವಿರ ಜನನಗಳಿಗೆ ಒಂದು ಎಂಬ ಅಂದಾಜಿದೆ. ದೆಹಲಿಯ ಏಮ್ಸ್, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಂಥ ಕಡೆಗಳಲ್ಲಿ ಈ ಮಕ್ಕಳನ್ನು ವರ್ಷಗಳಿಂದ ನೋಡಿಕೊಳ್ಳುತ್ತ ಬಂದಿದ್ದಾರೆ. ಹುಡುಕಿದಲ್ಲಿ ಕಾಣುತ್ತದೆ, ಹುಡುಕದಿದ್ದಲ್ಲಿ ಅದೇ ಮಗು ನ್ಯುಮೋನಿಯಾದಿಂದಲೋ ಅಪೌಷ್ಟಿಕತೆಯಿಂದಲೋ ಸತ್ತಿತೆಂದು ದಾಖಲಾಗುತ್ತದೆ. ನಮ್ಮ ‘ಇಲ್ಲ’ ಎಂಬುದರ ಬಹುಪಾಲು ಈ ಎರಡನೆಯ ಬಗೆಯದು.

ಏನಿದು ಕಾಯಿಲೆ? ಏಳನೆಯ ವರ್ಣತಂತುವಿನ ಮೇಲಿನ ಒಂದು ಜೀನ್ ಕೆಟ್ಟಿರುತ್ತದೆ. ಜೀವಕೋಶದ ಗೋಡೆಯಲ್ಲಿ ಕ್ಲೋರೈಡನ್ನು ಒಳಹೊರಗೆ ಬಿಡುವ ಬಾಗಿಲನ್ನು ಕಟ್ಟುವುದು ಅದರ ಕೆಲಸ. ಬಾಗಿಲು ಸರಿಯಿಲ್ಲದಿದ್ದರೆ ಶ್ವಾಸಕೋಶದ ಲೋಳೆ ಗೋಂದಿನಂತೆ ಗಟ್ಟಿಯಾಗಿ ಸೋಂಕಿಗೆ ಮನೆಯಾಗುತ್ತದೆ. ಮೇದೋಜೀರಕ ಗ್ರಂಥಿಯ ನಾಳಗಳು ಕಟ್ಟಿಕೊಂಡು ಜೀರ್ಣರಸ ಕರುಳಿಗೆ ತಲುಪುವುದಿಲ್ಲ. ಬೆವರಿನಲ್ಲಿ ಉಪ್ಪು ಹರಿದುಹೋಗುತ್ತದೆ. ಕಾಯಿಲೆಯನ್ನು ಮೊದಲು ಸ್ಪಷ್ಟವಾಗಿ ವಿವರಿಸಿದವರು ಅಮೆರಿಕದ ಡೊರೊಥಿ ಆಂಡರ್ಸನ್, 1938ರಲ್ಲಿ. ಹತ್ತು ವರ್ಷದ ಅನಂತರ ನ್ಯೂಯಾರ್ಕ್‌ಗೆ ಬಿಸಿಗಾಳಿ ಬಡಿದಾಗ ಇಂಥ ಮಕ್ಕಳೇ ಹೆಚ್ಚಾಗಿ ನಿರ್ಜಲೀಕರಣಗೊಂಡು ಆಸ್ಪತ್ರೆಗೆ ಬರುತ್ತಿರುವುದನ್ನು ವೈದ್ಯರು ಗಮನಿಸಿದರು. ಆ ಜಾಡು ಹಿಡಿದು ಹೊರಟವರಿಗೆ ಬೆವರಿನ ಗುಟ್ಟು ಸಿಕ್ಕಿತು. 1959ರಲ್ಲಿ ಗಿಬ್ಸನ್ ಮತ್ತು ಕುಕ್ ರೂಪಿಸಿದ ವಿಧಾನದಲ್ಲಿಯೇ ಇಂದಿಗೂ ಪರೀಕ್ಷೆ ನಡೆಯುತ್ತದೆ. ತೋಳಿಗೆ ಪೈಲೋಕಾರ್ಪಿನ್ ಎಂಬ ಔಷಧ ಹಚ್ಚಿ, ಸಣ್ಣ ವಿದ್ಯುತ್ ಹಾಯಿಸಿ, ಬಂದ ಬೆವರನ್ನು ಸಂಗ್ರಹಿಸಿ ಕ್ಲೋರೈಡ್ ಅಳೆಯುವುದು. ಸೂಜಿ ಇಲ್ಲ, ರಕ್ತ ಇಲ್ಲ. ಲೀಟರಿಗೆ 60 ಮಿಲಿಮೋಲ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆ ಎಂದರ್ಥ. ನಮ್ಮ ಮಗುವಿನದು 104.

ಪರೀಕ್ಷೆಯ ಇಡೀ ಹೊತ್ತು ಅವಳು ನನ್ನ ತೊಡೆಯ ಮೇಲೆ ಕುಳಿತು ನನ್ನ ಕನ್ನಡಕದೊಂದಿಗೆ ಆಡುತ್ತಿದ್ದಳು. ಇಷ್ಟು ಸಾಧು ಪರೀಕ್ಷೆಗಾಗಿ ಇಷ್ಟು ಅಲೆದೆವೇ ಎಂಬ ಪ್ರಶ್ನೆ ಈಗಲೂ ನನ್ನನ್ನು ಕಾಡುತ್ತದೆ.

ಈಗ ಅವಳಿಗೆ ಎರಡೂವರೆ ವರ್ಷ. ಮಗಳು ಅಳಿಯ ಇಬ್ಬರೂ ದುಡಿಯಲೇಬೇಕು. ಹತ್ತು ಮಕ್ಕಳ ಸಿಂಬಳ ಕೆಮ್ಮುಗಳ ನಡುವೆ ಶಿಶುವಿಹಾರಕ್ಕೆ ಕಳುಹಿಸುವಂತಿಲ್ಲ. ಹೀಗಾಗಿ ಬ್ಯಾಂಕಿನ ನೌಕರಿಯಿಂದ ನಿವೃತ್ತನಾದ ನಾನು ಅರವತ್ತೆಂಟನೆಯ ವಯಸ್ಸಿನಲ್ಲಿ ಹೊಸ ಕಸುಬು ಕಲಿತೆ. ಬೆಳಿಗ್ಗೆ ಮತ್ತು ಸಂಜೆ, ಊಟಕ್ಕೆ ಮುನ್ನ, ನೆಬ್ಯುಲೈಸರ್‌ನಲ್ಲಿ ಉಪ್ಪುನೀರಿನ ಹಬೆ ಕೊಟ್ಟು, ಅವಳನ್ನು ಮಗ್ಗುಲಾಗಿ ಮಲಗಿಸಿ, ಅಂಗೈಯನ್ನು ಬೊಗಸೆಯಂತೆ ಬಾಗಿಸಿ ಬೆನ್ನು ಪಕ್ಕೆಗಳನ್ನು ತಟ್ಟಬೇಕು. ಕೈ ಚಪ್ಪಟೆಯಾದರೆ ಪಟಪಟ ಸದ್ದು, ಮಗುವಿಗೆ ನೋವು. ಬೊಗಸೆ ಸರಿಯಾಗಿದ್ದರೆ ಟೊಳ್ಳು ಮರ ಬಡಿದಂತೆ ಡಬ್ ಡಬ್. ಇದನ್ನು ಕಲಿಯಲು ನನಗೆ ಮೂರು ವಾರ ಹಿಡಿಯಿತು. ಈಗ ಅವಳೇ ದಿಂಬು ಎಳೆದುಕೊಂಡು ಬಂದು, ‘ತಾತ, ಡಬ್‌ಡಬ್’ ಎನ್ನುತ್ತಾಳೆ. ಜ್ವರ ಬಂದ ದಿನ ಮಾತ್ರ ಅದೇ ದಿಂಬನ್ನು ನನ್ನ ಮುಖಕ್ಕೆ ಎಸೆಯುತ್ತಾಳೆ, ಆಗಲೂ ತಟ್ಟಲೇಬೇಕು, ಆಗಲಂತೂ ಹೆಚ್ಚಾಗಿ ತಟ್ಟಬೇಕು. ನಿಂತ ನೀರು ಸೂಡೋಮೊನಾಸ್ ಎಂಬ ರೋಗಾಣುವಿನ ಮೆಚ್ಚಿನ ಜಾಗ. ಆದ್ದರಿಂದ ಹೂದಾನಿಗಳು ಹೊರಹೋದವು, ಹಬೆಯ ಬಟ್ಟಲು ಪ್ರತಿದಿನವೂ ಕುದಿದು ಒಣಗುತ್ತದೆ.

ಊಟದ ವಿಷಯ ಇನ್ನೂ ವಿಚಿತ್ರ. ಪ್ರತಿ ಊಟಕ್ಕೂ ತಿಂಡಿಗೂ ಮೊದಲು ಜೀರ್ಣಕಿಣ್ವದ ಕ್ಯಾಪ್ಸೂಲ್ ಬಿಚ್ಚಿ, ಒಳಗಿನ ಸಣ್ಣ ಮಣಿಗಳನ್ನು ಬೇಯಿಸಿ ಆರಿಸಿದ ಸೇಬಿನ ತಿರುಳಿನಲ್ಲಿ ಕೊಡಬೇಕು. ಬಿಸಿ ಅನ್ನದಲ್ಲಿ ಕಲಸುವಂತಿಲ್ಲ, ಹಾಲಿನಲ್ಲಿ ಹಾಕುವಂತಿಲ್ಲ. ಮಣಿಯ ಕವಚ ಕರಗಿದರೆ ಕಿಣ್ವ ಹೊಟ್ಟೆಯಲ್ಲಿಯೇ ಹಾಳಾಗುತ್ತದೆ. ಮಣಿ ಬಾಯಲ್ಲಿ ಉಳಿದರೆ ಹುಣ್ಣು. ಮೊದಲ ದಿನ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿದಾಗ ತಿಳಿಯಿತು, ಅದು ಹಂದಿಯ ಮೇದೋಜೀರಕದಿಂದ ತೆಗೆದದ್ದು. ನಮ್ಮದು ಈರುಳ್ಳಿಗೂ ದಿನ ನೋಡುವ ಮನೆ. ಎರಡು ದಿನ ಹೆಂಡತಿಗೆ ಹೇಳದೆ ಬಚ್ಚಿಟ್ಟೆ. ಮೂರನೆಯ ದಿನ ಹೇಳಿದಾಗ ಅವಳು ಸೇಬು ಕಿವುಚುವುದನ್ನು ನಿಲ್ಲಿಸಲಿಲ್ಲ. ‘ಆ ಹಂದಿಗೆ ಪುಣ್ಯ ಬರಲಿ’ ಎಂದಳು. ಅಂದಿನಿಂದ ತುಪ್ಪಕ್ಕೆ ಲೆಕ್ಕವಿಲ್ಲ. ಈ ಮಕ್ಕಳಿಗೆ ಕೊಬ್ಬು, ಉಪ್ಪು ಎರಡೂ ಸಾಮಾನ್ಯ ಮಕ್ಕಳಿಗಿಂತ ಹೆಚ್ಚು ಬೇಕು. ಮೊಮ್ಮಕ್ಕಳಿಗೆ ತುಪ್ಪ ಸುರಿಯಬೇಡಿ ಎಂದು ಡಾಕ್ಟರರಿಂದ ಬೈಸಿಕೊಳ್ಳುತ್ತಿದ್ದ ಅಜ್ಜಿಗೆ ಕೊನೆಗೂ ಒಬ್ಬ ಡಾಕ್ಟರರ ಬೆಂಬಲ ಸಿಕ್ಕಿತು. ಕಿಣ್ವ ಆರಂಭಿಸಿದ ಎಂಟು ತಿಂಗಳಲ್ಲಿ ಮಗು ಮೂರು ಕಿಲೋ ಏರಿತು.

ಇನ್ನೊಂದು ಮಾತು, ಬರೆಯಲು ಕಷ್ಟವಾದದ್ದು. ಈ ಕಾಯಿಲೆ ಬರಲು ತಾಯಿಯಿಂದೊಂದು, ತಂದೆಯಿಂದೊಂದು, ಎರಡೂ ಪ್ರತಿ ಕೆಟ್ಟಿರಬೇಕು. ಒಂದೇ ಪ್ರತಿ ಕೆಟ್ಟವರು ಆರೋಗ್ಯವಾಗಿಯೇ ಇರುತ್ತಾರೆ. ಅಂಥ ಇಬ್ಬರು ದಂಪತಿಗಳಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ನನ್ನ ಅಳಿಯ ನನ್ನ ತಂಗಿಯ ಮಗ. ಸಂಬಂಧ ಕುದುರಿಸಿದವನು ನಾನೇ. ಗೊತ್ತಿದ್ದ ಮನೆ, ಗೊತ್ತಿದ್ದ ಹುಡುಗ, ಆಸ್ತಿ ಹೊರಹೋಗದು ಎಂಬ ಮಾತೂ ಅಂದು ಬಂದಿತ್ತು, ಸುಳ್ಳೇಕೆ ಹೇಳಲಿ. ನನ್ನ ರಕ್ತವನ್ನೂ ತಂಗಿಯ ರಕ್ತವನ್ನೂ ಪರೀಕ್ಷಿಸಿದಾಗ ಇಬ್ಬರಲ್ಲೂ ಅದೇ ದೋಷ ಇತ್ತು. ನಮ್ಮ ತಂದೆ ತಾಯಿ ಸೋದರಮಾವ-ಸೊಸೆ. ನಮ್ಮಿಬ್ಬರ ನಡುವೆ ಹುಟ್ಟಿದ ಎರಡು ಮಕ್ಕಳು ಎರಡು ವರ್ಷ ತುಂಬುವ ಮೊದಲೇ ಕೆಮ್ಮಿ ಕೆಮ್ಮಿ ತೀರಿಕೊಂಡವು. ಅಮ್ಮ ಅದನ್ನು ಬಾಲಗ್ರಹವೆಂದೇ ಕೊನೆಯವರೆಗೂ ನಂಬಿದ್ದಳು. ಈಗ ಏನನ್ನೂ ಸಾಬೀತುಪಡಿಸಲಾಗದು. ಕರ್ನಾಟಕದಲ್ಲಿ ಮದುವೆಗಳ ಪೈಕಿ ನಾಲ್ಕನೇ ಒಂದರಷ್ಟು ರಕ್ತಸಂಬಂಧದೊಳಗೇ ನಡೆಯುತ್ತವೆ ಎನ್ನುತ್ತದೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಇಂಥ ರಾಜ್ಯದಲ್ಲಿ ‘ಬಿಳಿಯರ ಕಾಯಿಲೆ’ ಎಂದು ಗೆರೆ ಎಳೆಯುವುದು ಎಷ್ಟರ ಮಟ್ಟಿಗೆ ವೈದ್ಯಕೀಯ?

ಸರ್ಕಾರ ಏನೂ ಮಾಡಿಲ್ಲ ಎಂದು ಹೇಳಲಾರೆ. 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂತು. 2022ರಲ್ಲಿ ಅದರಡಿಯ ನೆರವನ್ನು ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿವರೆಗೆ ಏರಿಸಲಾಯಿತು. ಆ ನೀತಿಯ ಪಟ್ಟಿಯಲ್ಲಿ ನಮ್ಮ ಕಾಯಿಲೆ ಎರಡು ಕಡೆ ಇರುವುದು ಸ್ವಾರಸ್ಯಕರ. ಜೀರ್ಣಕಿಣ್ವಕ್ಕಾಗಿ ಅದು ಎರಡನೆಯ ಗುಂಪಿನಲ್ಲಿದೆ. ಜೀನ್‌ನ ದೋಷವನ್ನೇ ಸರಿದೂಗಿಸುವ ಹೊಸ ಔಷಧಗಳಿಗಾಗಿ, ಬಲು ದುಬಾರಿಯೆಂಬ ಷರಾದೊಂದಿಗೆ, ಮೂರನೆಯದರಲ್ಲಿ. ಚರ್ಚೆಯೆಲ್ಲ ಮೂರನೆಯ ಗುಂಪಿನ ಸುತ್ತಲೇ ನಡೆಯುತ್ತದೆ, ಅದಕ್ಕೆ ಕಾರಣವೂ ಇದೆ. ಟ್ರೈಕಾಫ್ಟ ಎಂಬ ಮೂರು ಔಷಧಗಳ ಮಿಶ್ರಣ 2019ರಲ್ಲಿ ಅಮೆರಿಕದಲ್ಲಿ ಬಂತು, 2023ರಲ್ಲಿ ಎರಡು ವರ್ಷದ ಮಕ್ಕಳಿಗೂ ಅಲ್ಲಿ ಅನುಮತಿ ಸಿಕ್ಕಿತು. ನನ್ನ ಮೊಮ್ಮಗಳಲ್ಲಿರುವ ದೋಷಕ್ಕೆ ಅದು ಕೆಲಸ ಮಾಡುತ್ತದೆ. 1950ರ ದಶಕದಲ್ಲಿ ಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಈ ಮಕ್ಕಳ ನಿರೀಕ್ಷಿತ ಆಯುಸ್ಸು ಅಮೆರಿಕದಲ್ಲಿ ಇಂದು ಅರವತ್ತನ್ನು ದಾಟಿದೆ. ಅಲ್ಲಿ ಈ ಔಷಧದ ಬೆಲೆ ವರ್ಷಕ್ಕೆ ಮೂರು ಲಕ್ಷ ಡಾಲರಿಗೂ ಹೆಚ್ಚು, ಅಂದರೆ ನಮ್ಮ ಎರಡೂವರೆ ಕೋಟಿ ರೂಪಾಯಿಗೂ ಮೀರಿದ್ದು. ಇದನ್ನು ವರ್ಷಕ್ಕೆ ಸುಮಾರು 5,700 ಡಾಲರಿನಲ್ಲಿ ತಯಾರಿಸಬಹುದೆಂದು ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಲೆಕ್ಕ ಹಾಕಿದರು. 2023ರಲ್ಲಿ ಭಾರತವೂ ಸೇರಿ ನಾಲ್ಕು ದೇಶಗಳಲ್ಲಿ ರೋಗಿಗಳ ಕುಟುಂಬಗಳು ಪೇಟೆಂಟಿನ ಏಕಸ್ವಾಮ್ಯವನ್ನು ಪ್ರಶ್ನಿಸಿದವು. 2012ರಲ್ಲಿ ಕ್ಯಾನ್ಸರ್ ಔಷಧವೊಂದಕ್ಕೆ ಕಡ್ಡಾಯ ಪರವಾನಗಿ ಕೊಟ್ಟು, ತಿಂಗಳಿಗೆ 2.8 ಲಕ್ಷ ರೂಪಾಯಿ ಇದ್ದುದನ್ನು 8,800ಕ್ಕೆ ಇಳಿಸಿದ ದೇಶ ನಮ್ಮದು. ಆ ಧೈರ್ಯ ಒಂದೇ ಸಲಕ್ಕೆ ಮುಗಿದುಹೋಯಿತೇ?

ಆದರೆ ಗುರುತೇ ಸಿಗದ ಮಗುವಿಗೆ ಯಾವ ಗುಂಪೂ ಇಲ್ಲ, ಯಾವ ಪೇಟೆಂಟೂ ಅಡ್ಡಿಯಲ್ಲ. ಆದ್ದರಿಂದ ನನ್ನ ಬೇಡಿಕೆ ಮೊದಲು ಸಣ್ಣದು. ಬೆಂಗಳೂರಿನಲ್ಲಿದ್ದ ನಮಗೇ ಹನ್ನೊಂದು ತಿಂಗಳು ಹಿಡಿಯಿತು. ಯಾದಗಿರಿಯ ಕೂಲಿ ಕುಟುಂಬಕ್ಕೆ ಎಷ್ಟು? ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ, ಈ ನಾಲ್ಕೂ ಕಂದಾಯ ವಿಭಾಗಗಳಲ್ಲಿ ಒಂದೊಂದು ಸರ್ಕಾರಿ ಆಸ್ಪತ್ರೆಯಲ್ಲಾದರೂ ನಂಬಬಹುದಾದ ಬೆವರಿನ ಪರೀಕ್ಷೆ ಇರಲಿ. ಕಡಿಮೆ ಖರ್ಚಿನಲ್ಲಿ ಅದನ್ನು ಮಾಡುವ ದೇಶೀ ವಿಧಾನವನ್ನು ಏಮ್ಸ್‌ನವರು ಎಂದೋ ರೂಪಿಸಿದ್ದಾರೆ. ಪದೇಪದೇ ನ್ಯುಮೋನಿಯಾ ಆಗುವ, ತಿಂದರೂ ತೂಕ ಏರದ ಮಗು ಬಂದರೆ ಅಲ್ಲಿಗೆ ಕಳುಹಿಸಬೇಕೆಂಬ ಒಂದು ಸಾಲಿನ ಸುತ್ತೋಲೆ ಹೊರಡಲಿ. ಜೀರ್ಣಕಿಣ್ವ ಸರ್ಕಾರಿ ಔಷಧ ಮಳಿಗೆಯಲ್ಲಿ ತಪ್ಪದೆ ಸಿಗಲಿ. ಮುಂದಿನ ಹೆಜ್ಜೆ ನವಜಾತ ಶಿಶುಗಳ ತಪಾಸಣೆ. ಬ್ರಿಟನ್ 2007ರಿಂದ, ಅಮೆರಿಕದ ಎಲ್ಲ ರಾಜ್ಯಗಳು 2010ರಿಂದ, ಹುಟ್ಟಿದ ಮಗುವಿನ ಹಿಮ್ಮಡಿಯ ಒಂದು ಹನಿ ರಕ್ತದಿಂದ ಇದನ್ನು ಪತ್ತೆಹಚ್ಚುತ್ತಿವೆ. ನಮಗೆ ಅದು ಹೊಸ ವಿದ್ಯೆಯಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಲ್ಲಿಯೇ ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಬೇರೆ ಆನುವಂಶಿಕ ಕಾಯಿಲೆಗಳಿಗಾಗಿ ಹೀಗೆ ಪರೀಕ್ಷಿಸಿದ್ದರು. ದೇಶದಲ್ಲಿ ಮೊದಲ ಸಾಲಿನಲ್ಲಿದ್ದ ರಾಜ್ಯ ಆಮೇಲೆ ಆ ದಾರಿಯನ್ನೇ ಮರೆತದ್ದು ಏಕೆ ಎಂದು ವಿಧಾನಸೌಧದಲ್ಲಿ ಯಾರಾದರೂ ಕೇಳಿದ್ದನ್ನು ನಾನು ಕಾಣೆ.

ಈ ಮಕ್ಕಳು ಒಬ್ಬರನ್ನೊಬ್ಬರು ಸೇರುವಂತಿಲ್ಲ. ಒಬ್ಬರ ಶ್ವಾಸಕೋಶದ ರೋಗಾಣು ಇನ್ನೊಬ್ಬರಿಗೆ ಅಪಾಯ. ಹೀಗಾಗಿ ಅವರೂ ಅವರನ್ನು ಎತ್ತಿಕೊಂಡ ನಮ್ಮಂಥವರೂ ಒಂದು ಬೀದಿಯಲ್ಲಿ, ಒಂದು ಸಭೆಯಲ್ಲಿ ಒಟ್ಟಾಗಿ ಕಾಣಿಸುವುದೇ ಇಲ್ಲ. ಆಸ್ಪತ್ರೆಯ ಮೊಗಸಾಲೆಯ ಆ ತುದಿಯಲ್ಲಿ ಮಗುವಿನ ಬೆನ್ನನ್ನು ಬೊಗಸೆಗೈಯಲ್ಲಿ ತಟ್ಟುತ್ತಿದ್ದ ಮುದುಕಿಯೊಬ್ಬರನ್ನು ಕಂಡೆ. ಕೈ ಬಾಗಿದ ಬಗೆಯಿಂದಲೇ ತಿಳಿಯಿತು. ಹತ್ತಿರ ಹೋಗಲಿಲ್ಲ. ದೂರದಿಂದಲೇ ಕೈ ಎತ್ತಿದೆ, ಅವರೂ ಎತ್ತಿದರು.

ಕಳೆದ ತಿಂಗಳು ತಂಗಿ ತಿಪಟೂರಿನಿಂದ ಫೋನ್ ಮಾಡಿದ್ದಳು. ಅವಳ ಎರಡನೆಯ ಮಗನಿಗೆ ನಮ್ಮ ಸೋದರಮಾವನ ಮೊಮ್ಮಗಳ ಸಂಬಂಧ ಬಂದಿದೆ. ಏನು ಹೇಳಲಿ ಎಂದು ಕೇಳಿದಳು. ಜಾತಕಕ್ಕೆ ಮೊದಲು ಇಬ್ಬರ ರಕ್ತವನ್ನೂ ಪರೀಕ್ಷಿಸಿ ಎಂದೆ. ಎರಡು ದಿನ ಮಾತಿಲ್ಲ. ಮೂರನೆಯ ದಿನ ಹುಡುಗ ತಾನಾಗಿಯೇ ಬೆಂಗಳೂರಿಗೆ ಬಂದು ರಕ್ತ ಕೊಟ್ಟು ಹೋದ. ಹುಡುಗಿಯ ಕಡೆಯವರು, ಹೆಣ್ಣುಮಗುವಿಗೆ ಕೆಟ್ಟ ಹೆಸರು ಬಂದೀತೆಂದು ಒಪ್ಪಿಲ್ಲ. ಅವನ ವರದಿ ಬರುವ ಸೋಮವಾರ ಕೈಸೇರಲಿದೆ.