ಮನೆ ಕೊಳ್ಳುವ ಮುನ್ನ ಕಿವಿಗೊಡಿರಿ



ಗೃಹಸ್ಥನ ಬಾಳಿನಲ್ಲಿ ಮನೆಗಿಂತ ದೊಡ್ಡ ಖರೀದಿ ಮತ್ತೊಂದಿಲ್ಲ. ಅದಕ್ಕಾಗಿ ನಮ್ಮ ಜನ ಬಾಗಿಲಿನ ದಿಕ್ಕು ನೋಡುವರು, ನೀರಿನ ಅನುಕೂಲ ವಿಚಾರಿಸುವರು, ಉತಾರ ತೆಗೆಸುವರು. ಕಣ್ಣಿನಿಂದ ಇಷ್ಟೆಲ್ಲ ಪರೀಕ್ಷಿಸುವವರು ಕಿವಿಯಿಂದ ಪರೀಕ್ಷಿಸುವುದು ವಿರಳ. ಗೃಹಪ್ರವೇಶದ ಮರುರಾತ್ರಿ ಕೂಸು ಬೆಚ್ಚಿ ಎದ್ದಾಗ, ಮುಪ್ಪಿನ ತಾಯಿತಂದೆಗಳಿಗೆ ನಿದ್ರೆ ಹಾರಿದಾಗ ಕೊರತೆ ತಿಳಿಯುತ್ತದೆ. ಆಗ ಸಾಲದ ಕಂತು ಆರಂಭವಾಗಿರುತ್ತದೆ.

ನಮ್ಮ ಸೀಮೆಯಲ್ಲಿ ಈ ಮಾತು ಇಂದು ಅಗತ್ಯವಾಗಿದೆ. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳಿವೆ. ಗಿಣಿಗೇರಿಯ ಆಸುಪಾಸಿನಲ್ಲಿ ಕಬ್ಬಿಣದ ಕಾರ್ಖಾನೆಗಳಿವೆ. ಕುಷ್ಟಗಿಯ ಪಕ್ಕದಲ್ಲಿ ರಾಷ್ಟ್ರೀಯ ಹೆದ್ದಾರಿ 50 ಹಾಯ್ದಿದೆ. ಗದಗ–ವಾಡಿ ಮಾರ್ಗದಲ್ಲಿ ಯಲಬುರ್ಗಾ ದಾಟಿ ಕುಷ್ಟಗಿಯವರೆಗೆ 2025ರ ಮೇ ತಿಂಗಳಲ್ಲಿ ರೈಲೂ ಬಂದಿತು. ಇವೆಲ್ಲ ಅನ್ನ ಕೊಡುವಂಥವು, ನಾವು ಹಳಿಯಲಾರೆವು. ಆದರೆ ಅನ್ನ ಕೊಡುವ ಸದ್ದಿನ ಮಗ್ಗುಲಲ್ಲಿಯೇ ಮಲಗಬೇಕೆಂಬ ನಿಯಮವೇನೂ ಇಲ್ಲ.

2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯಿದೆ. ಕೈಗಾರಿಕಾ ಪ್ರದೇಶದಲ್ಲಿ ಅದು 75 ಮತ್ತು 70. ಹತ್ತು ಡೆಸಿಬಲ್ ಏರಿದರೆ ಕಿವಿಗೆ ಸದ್ದು ಸುಮಾರು ಇಮ್ಮಡಿಯಾಗಿ ಕೇಳುವುದೆಂಬುದನ್ನು ನೆನೆದರೆ ಈ ಅಂತರದ ಅರ್ಥವಾದೀತು. ಆದಕಾರಣ ನಿವೇಶನವು ಯಾವ ವಲಯದಲ್ಲಿದೆ, ನೆರೆಯ ಬಯಲು ಯಾವುದಕ್ಕೆ ಮೀಸಲಾಗಿದೆ ಎಂಬುದನ್ನು ಯೋಜನಾ ಪ್ರಾಧಿಕಾರದ ಮಹಾಯೋಜನೆಯ ನಕಾಶೆಯಲ್ಲಿ ನೋಡಿಕೊಳ್ಳತಕ್ಕದ್ದು.

ಇಲ್ಲಿ ಎರಡು ಬಗೆಯುಂಟು: ಸದ್ದಿರುವಲ್ಲಿಗೆ ಮನೆ ಹೋಗುವುದು ಒಂದು, ಮನೆಯಿರುವಲ್ಲಿಗೆ ಸದ್ದು ಬರುವುದು ಇನ್ನೊಂದು. ಎರಡನೆಯದರಲ್ಲಿ ಊರಿಗೆ ಊರೇ ಎದ್ದು ನಿಲ್ಲಬಹುದು. ಕೊಪ್ಪಳದ ಮಗ್ಗುಲಲ್ಲಿ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು 2025ರ ಫೆಬ್ರವರಿ 24ರಂದು ಬಂದ್ ನಡೆದಾಗ ಗವಿಮಠದ ಶ್ರೀಗಳೂ ಜನರೊಡನೆ ನಿಂತರು. ಅಲ್ಲಿಯ ಮುಖ್ಯ ಆತಂಕ ದೂಳುಹೊಗೆಯದು. ಆದರೂ ಮೊದಲಿದ್ದವರ ಮಾತಿಗಿರುವ ತೂಕ ಅದರಿಂದ ತಿಳಿಯುತ್ತದೆ. ಮೊದಲನೆಯ ಬಗೆಯಲ್ಲಿ ಆ ಬಲವಿಲ್ಲ. ಮಿತಿಗಿಂತ ಹತ್ತು ಡೆಸಿಬಲ್ ಮೀರಿದರೆ ಜಿಲ್ಲಾಧಿಕಾರಿಗಳಂಥ ಪ್ರಾಧಿಕಾರಿಗಳಿಗೆ ದೂರು ಕೊಡಲು ಯಾರಿಗೂ ಹಕ್ಕಿದೆ, ನಿಜ. ಆದರೆ ಜೀವರಕ್ಷಣೆಗೆಂದು ಊದುವ ರೈಲಿನ ಸೀಟಿ ನಮ್ಮ ದೂರಿಗೆ ನಿಲ್ಲುವುದೇ?

ಆದ್ದರಿಂದ ಕೊಳ್ಳುವ ಮುನ್ನವೇ ಎಚ್ಚರ ವಹಿಸುವುದು ಲೇಸು. ಮಾರುವವರು ಹಗಲು ಹೊತ್ತಿನಲ್ಲಿ ಕರೆದೊಯ್ಯುವುದು ವಾಡಿಕೆ. ನೀವು ರಾತ್ರಿ ಹತ್ತರ ಮೇಲೊಮ್ಮೆ, ಬೆಳಗಿನ ಜಾವ ಒಮ್ಮೆ, ಸುಗ್ಗಿಯಲ್ಲೊಮ್ಮೆ ಹೋಗಿ ಅರ್ಧ ತಾಸು ಸುಮ್ಮನೆ ಕುಳಿತುಕೊಳ್ಳಿರಿ. ಇರುಳು ನೆಲದ ಬಳಿಯ ಗಾಳಿ ತಂಪಾಗಿ ಮೇಲಿನದು ಬೆಚ್ಚಗಿರುವಾಗ ಸದ್ದು ನೆಲದತ್ತ ಬಾಗಿ ಬರುತ್ತದೆ. ಹಗಲು ಕೇಳದ ದೂರದ ಯಂತ್ರ ಆಗ ಹತ್ತಿರವಿದ್ದಂತೆ ಕೇಳುತ್ತದೆ. ನೆರೆಮನೆಯ ತಾಯಂದಿರನ್ನು ಕೇಳಿರಿ. ಅವರಷ್ಟು ನಿಜ ಹೇಳುವ ಸಾಕ್ಷಿ ಇನ್ನೊಂದಿಲ್ಲ. ಈಗಾಗಲೇ ಕೊಂಡವರು ಮಲಗುವ ಕೋಣೆಯನ್ನು ಸದ್ದಿನ ಎದುರು ಬದಿಗೆ ಬದಲಿಸಲಿ, ಕಿಟಕಿ-ಬಾಗಿಲುಗಳ ಸಂದುಗಳನ್ನು ಮುಚ್ಚಲಿ. ಗಿಡಮರಗಳ ಒಂದೇ ಸಾಲು ಕಣ್ಣಿಗೆ ತಂಪಾದೀತೇ ಹೊರತು ಸದ್ದನ್ನು ಹೆಚ್ಚು ತಡೆಯಲಾರದು. ದಪ್ಪ ಗೋಡೆ ತಡೆಯುತ್ತದೆ.

ಕಡೆಗೆ ನಮ್ಮನ್ನು ಕುರಿತೇ ಒಂದು ಮಾತು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ತೆರೆದ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ವರ್ಷದಲ್ಲಿ ಹದಿನೈದು ದಿನಕ್ಕೆ ಮೀರದಂತೆ ಹಬ್ಬ-ಉತ್ಸವಗಳಿಗೆ ನಡುರಾತ್ರಿಯವರೆಗೆ ಸರಕಾರ ಸಡಿಲಿಕೆ ಕೊಡಬಹುದು, ಅಷ್ಟೇ. ಗಿರಣಿಯ ಸದ್ದಿಗೆ ಬೇಸರಿಸುವ ನಾವು ಮಠ-ಗುಡಿಗಳ ಭಜನೆಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಊರ ಮೇಲೆ ಹರಿಬಿಟ್ಟರೆ ನಮ್ಮ ದೂರಿಗೆ ಬೆಲೆಯೆಲ್ಲಿಯದು? ನಮ್ಮ ಮಠದ ಪಕ್ಕದಲ್ಲಿ ಮನೆ ಕೊಂಡವನೂ ನಿಶ್ಚಿಂತೆಯಿಂದ ಮಲಗುವಂತಾಗಲಿ. ನೆರೆಯವನ ನಿದ್ರೆಯನ್ನು ಕಾಯುವುದೂ ದಾಸೋಹವೇ ಸರಿ.