ಕಿರೀಟ ಯಾರಿಗೆ ಸಲ್ಲಬೇಕು? ಅಮೆರಿಕದ ಕಾಲೇಜು ಫುಟ್‌ಬಾಲಿನ ಒಂದು ಹಳೆಯ ವಾದ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಸಾಗರದಾಚೆ ನೆಲಸಿದ್ದಾರೆ. ಅವರ ಮಕ್ಕಳು ರಜೆಯಲ್ಲಿ ಊರಿಗೆ ಬಂದಾಗ ತೊಟ್ಟಿರುವ ಬನಿಯನ್ನುಗಳ ಮೇಲಿನ ಅಕ್ಷರ, ಲಾಂಛನಗಳು ಏನೆಂದು ಅಜ್ಜ ಅಜ್ಜಿಯರು ಕೇಳುವುದುಂಟು. ಅವುಗಳಲ್ಲಿ ಬಹುಪಾಲು ಆಯಾ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡದ ಗುರುತುಗಳು. ಹೆಸರಿಗೆ ಫುಟ್‌ಬಾಲಾದರೂ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ನೆಲಕ್ಕೆ ಕೆಡಹುವ ಆಟವಿದು. ನಮ್ಮ ಕಾಲ್ಚೆಂಡಿಗಿಂತ ಕಬಡ್ಡಿಗೇ ಇದರ ನಂಟು ಹೆಚ್ಚೆಂದರೂ ತಪ್ಪಾಗದು. ಮಿಶಿಗನ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಜನ ಕುಳಿತು ನೋಡುತ್ತಾರೆಂದರೆ ಅದರ ಆಕರ್ಷಣೆಯನ್ನು ಊಹಿಸಬಹುದು.

ಆ ನಾಡಿನಲ್ಲಿ ಎಂದಿಗೂ ಮುಗಿಯದ ವಾದವೊಂದಿದೆ: ಎಲ್ಲ ಕಾಲಕ್ಕೂ ಅತಿ ಪ್ರಬಲವಾದ ತಂಡ ಯಾವ ಕಾಲೇಜಿನದು? ಇದನ್ನು ಗೆಲುವುಗಳ ಕೂಡಿಕೆಯಿಂದ ತೀರ್ಮಾನಿಸಲಾಗದು, ಆಟದ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ.

ಕಾಲೇಜುಗಳ ನಡುವಣ ಮೊದಲ ಪಂದ್ಯ ನಡೆದುದು 1869ರ ನವೆಂಬರ್ 6ರಂದು. ರಟ್ಗರ್ಸ್ ತಂಡ ಪ್ರಿನ್ಸ್‌ಟನ್ನನ್ನು 6-4ರಿಂದ ಸೋಲಿಸಿತು. ಅನಂತರದ ದಶಕಗಳಲ್ಲಿ ಯೇಲ್ ವಿಶ್ವವಿದ್ಯಾನಿಲಯಕ್ಕೆ ಸಮನಾದವರಿರಲಿಲ್ಲ. 1888ರಲ್ಲಿ ಅದು ಆಡಿದ 13 ಪಂದ್ಯಗಳಲ್ಲಿ 698 ಅಂಕ ಗಳಿಸಿ ಎದುರಾಳಿಗಳಿಗೆ ಒಂದನ್ನೂ ಬಿಟ್ಟುಕೊಡಲಿಲ್ಲ. ಯೇಲ್ ಇಂದಿಗೂ 27 ರಾಷ್ಟ್ರೀಯ ಪ್ರಶಸ್ತಿಗಳನ್ನು ತನ್ನವೆನ್ನುತ್ತದೆ. ಆದರೆ ಆಗ ಈ ಆಟವನ್ನು ಗಂಭೀರವಾಗಿ ಆಡುತ್ತಿದ್ದ ಕಾಲೇಜುಗಳೇ ಬೆರಳೆಣಿಕೆಯಷ್ಟು. ಮುಂದೆ 1954ರ ಒಪ್ಪಂದದಲ್ಲಿ ಯೇಲ್, ಹಾರ್ವರ್ಡ್ ಮೊದಲಾದ ಎಂಟು ಸಂಸ್ಥೆಗಳು ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವುದಿಲ್ಲವೆಂದು ನಿರ್ಧರಿಸಿ ಈ ಪೈಪೋಟಿಯಿಂದ ತಾವಾಗಿಯೇ ಹಿಂದೆ ಸರಿದವು. ಗೌರವದ ನಿರ್ಧಾರವೇ ಸರಿ, ಆದರೆ ಕಿರೀಟದ ಹಕ್ಕು ಅಲ್ಲಿಗೆ ಮುಗಿಯಿತು.

ಮಿಶಿಗನ್ನಿನ ಅಭಿಮಾನಿಗಳು ಒಟ್ಟು ಗೆಲುವುಗಳನ್ನು ಮುಂದಿಡುತ್ತಾರೆ. 2023ರ ನವೆಂಬರಿನಲ್ಲಿ ಸಾವಿರ ಗೆಲುವು ಮುಟ್ಟಿದ ಮೊದಲ ತಂಡ ಅದು. ಆ ಸಾವಿರದಲ್ಲಿ 1901ರ ಗೆಲುವುಗಳೂ ಸೇರಿವೆ. ಆ ಋತುವಿನಲ್ಲಿ ಮಿಶಿಗನ್ 550 ಅಂಕ ಗಳಿಸಿ ಎದುರಾಳಿಗೆ ಸೊನ್ನೆಯನ್ನೇ ಉಳಿಸಿತ್ತು. ಇಂತಹ ಏಕಪಕ್ಷೀಯ ಪಂದ್ಯಗಳನ್ನೂ ಇಂದಿನ ಗೆಲುವುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಇನ್ನು ಪ್ರಶಸ್ತಿಗಳ ಮಾತು. ಇಲ್ಲಿ ಅಲಬಾಮಾ ವಿಶ್ವವಿದ್ಯಾನಿಲಯ 18 ಎಂದು ಎದೆತಟ್ಟಿಕೊಳ್ಳುತ್ತದೆ. ಈ ಪ್ರಶಸ್ತಿಗಳು ಮೈದಾನದಲ್ಲಿ ಗೆದ್ದವೆಂದು ಓದುಗರು ಭಾವಿಸಬಾರದು. 1936ರಿಂದ ಪತ್ರಕರ್ತರ ಮತದಾನದಿಂದಲೂ 1950ರಿಂದ ತರಬೇತುದಾರರ ಮತದಾನದಿಂದಲೂ ‘ರಾಷ್ಟ್ರೀಯ ಚಾಂಪಿಯನ್’ ಯಾರೆಂದು ಘೋಷಿಸಲಾಗುತ್ತಿತ್ತು; ಎರಡೂ ಕಡೆ ಬೇರೆ ಬೇರೆ ಹೆಸರು ಬಂದ ವರ್ಷಗಳೂ ಉಂಟು. ಅಗ್ರ ತಂಡಗಳೆರಡನ್ನು ಎದುರುಬದುರು ನಿಲ್ಲಿಸುವ ಏರ್ಪಾಡು ನೆಲೆಗೊಂಡುದು 1998ರಲ್ಲಿ, ನಾಲ್ಕು ತಂಡಗಳ ನಾಕೌಟ್ 2014ರ ಋತುವಿನಲ್ಲಿ, ಹನ್ನೆರಡು ತಂಡಗಳದು 2024ರಲ್ಲಿ. ಈ ಗೊಂದಲದ ಲಾಭವನ್ನು ಹಲವರು ಪಡೆದರು. 1941ರಲ್ಲಿ ಅಲಬಾಮಾ ಎರಡು ಪಂದ್ಯ ಸೋತು ಪತ್ರಕರ್ತರ ಪಟ್ಟಿಯಲ್ಲಿ ಇಪ್ಪತ್ತನೆಯ ಸ್ಥಾನದಲ್ಲಿತ್ತು. ಅಜೇಯವಾಗಿದ್ದ ಮಿನೆಸೋಟಾ ಮೊದಲನೆಯದಾಗಿತ್ತು. ಆದರೂ ಯಾವುದೋ ಒಂದು ಗಣಿತದ ಸೂತ್ರವನ್ನು ಆಧರಿಸಿ ಆ ವರ್ಷವೂ ತನ್ನದೇ ಎಂದು ಅಲಬಾಮಾ ಬರೆದುಕೊಂಡಿದೆ. ಪರೀಕ್ಷೆಯಲ್ಲಿ ಇಪ್ಪತ್ತನೆಯವನಾದ ಹುಡುಗ ರ‍್ಯಾಂಕ್ ಪಡೆದೆನೆಂದು ಮನೆಯ ಗೋಡೆಗೆ ಚೌಕಟ್ಟು ಹಾಕಿಸಿದಂತಾಯಿತು!

ಇದಕ್ಕಿಂತ ಗುರುತರವಾದ ಆಕ್ಷೇಪವೊಂದಿದೆ. ಬೇರ್ ಬ್ರಯಂಟ್ ಎಂಬ ಪ್ರಖ್ಯಾತ ತರಬೇತುದಾರನ ಕೈಕೆಳಗೆ ಅಲಬಾಮಾ 1961, 1964, 1965ರಲ್ಲಿ ಪ್ರಶಸ್ತಿ ಪಡೆದಾಗ ಆ ತಂಡದಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ದಕ್ಷಿಣದ ದೊಡ್ಡ ವಿಶ್ವವಿದ್ಯಾನಿಲಯಗಳ ಕ್ರೀಡಾಂಗಣಗಳು ಅವರಿಗೆ ಮುಚ್ಚಿದ್ದವು. 1966ರಲ್ಲಿ ಅಲಬಾಮಾ ಎಲ್ಲ ಪಂದ್ಯ ಗೆದ್ದರೂ ಮತದಾರರು ಅದನ್ನು ಮೂರನೆಯ ಸ್ಥಾನದಲ್ಲಿರಿಸಿದರು. ಅದಕ್ಕಿಂತ ಮೇಲಿದ್ದ ನೋಟರ್ ಡೇಮ್ ಮತ್ತು ಮಿಶಿಗನ್ ಸ್ಟೇಟ್ ತಮ್ಮೊಳಗೆ 10-10ರ ಸಮ ಮಾಡಿಕೊಂಡಿದ್ದವು. ಅಲಬಾಮಾದವರು ಇದನ್ನು ಇಂದಿಗೂ ಅನ್ಯಾಯವೆನ್ನುತ್ತಾರೆ. ಆದರೆ ಮಿಶಿಗನ್ ಸ್ಟೇಟ್ ತಂಡದ ಹಿರಿಯ ಆಟಗಾರರಲ್ಲಿ ಹಲವರು ತಮ್ಮ ಊರಿನ ಕಾಲೇಜು ಸೇರಿಸಿಕೊಳ್ಳದ ಕಾರಣ ದಕ್ಷಿಣದಿಂದ ಉತ್ತರಕ್ಕೆ ಹೋದ ಕಪ್ಪು ತರುಣರಾಗಿದ್ದರು ಎಂಬುದನ್ನು ನೆನೆದರೆ ಆ ಅಳಲು ನನ್ನನ್ನು ಅಷ್ಟಾಗಿ ತಟ್ಟುವುದಿಲ್ಲ.

1970ರ ಸೆಪ್ಟೆಂಬರ್ 12ರಂದು ಸದರ್ನ್ ಕ್ಯಾಲಿಫೋರ್ನಿಯಾ ತಂಡ ಬರ್ಮಿಂಗ್‌ಹ್ಯಾಮಿಗೆ ಬಂದು ಅಲಬಾಮಾವನ್ನು 42-21ರಿಂದ ಮಣಿಸಿತು. ಸ್ಯಾಮ್ ಕನಿಂಗ್‌ಹ್ಯಾಮ್ ಎಂಬ ಕಪ್ಪು ಆಟಗಾರ ಅಂದು ಚೆಂಡಿನೊಡನೆ 135 ಗಜ ಓಡಿದ. ಈ ಒಂದು ಪಂದ್ಯವೇ ಬಾಗಿಲು ತೆರೆಸಿತೆಂಬ ಜನಪ್ರಿಯ ಕಥೆ ಪೂರ್ತಿ ನಿಜವಲ್ಲ. ವಿಲ್ಬರ್ ಜಾಕ್ಸನ್ ಎಂಬ ಕಪ್ಪು ತರುಣನನ್ನು ಅಲಬಾಮಾ ಅದಕ್ಕೆ ಮೊದಲೇ ಸೇರಿಸಿಕೊಂಡಿತ್ತು. ಉತ್ತರದವರೂ ಕಳಂಕರಹಿತರಲ್ಲ. 1934ರಲ್ಲಿ ಜಾರ್ಜಿಯಾ ಟೆಕ್ ತಂಡ ಆಕ್ಷೇಪಿಸಿದ ಕಾರಣಕ್ಕೆ ಮಿಶಿಗನ್ ತನ್ನ ಕಪ್ಪು ಆಟಗಾರ ವಿಲ್ಲಿಸ್ ವಾರ್ಡ್‌ನನ್ನು ಆಡಿಸಲಿಲ್ಲ.

ಹೊರಗುಳಿದವರು ಸುಮ್ಮನೆ ಕುಳಿತಿರಲಿಲ್ಲ. ಲೂಸಿಯಾನಾದ ಗ್ರ್ಯಾಂಬ್ಲಿಂಗ್ ಎಂಬ ಸಣ್ಣ ಊರಿನ ಕಪ್ಪು ಜನರ ಕಾಲೇಜಿನಲ್ಲಿ ಎಡ್ಡಿ ರಾಬಿನ್‌ಸನ್ 1941ರಿಂದ 1997ರವರೆಗೆ ತಂಡವನ್ನು ಕಟ್ಟಿ ಬೆಳೆಸಿದರು. 1985ರಲ್ಲಿ ಅವರು ಬ್ರಯಂಟರ 323 ಗೆಲುವುಗಳ ದಾಖಲೆಯನ್ನು ಮೀರಿದರು. ನಿವೃತ್ತಿಯ ವೇಳೆಗೆ ಅವರ ಗೆಲುವು 408. ಇವರ ಶಿಷ್ಯ ಡಗ್ ವಿಲಿಯಮ್ಸ್ 1988ರ ಜನವರಿಯಲ್ಲಿ ಸೂಪರ್ ಬೌಲ್ ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್ ಆದರು. ಆ ಗೌರವ ಪಡೆದ ಮೊದಲ ಕಪ್ಪು ಆಟಗಾರ ಅವರು. ಫ್ಲಾರಿಡಾ ಎ ಅಂಡ್ ಎಂ ಕಾಲೇಜಿನ ಜೇಕ್ ಗೈದರ್ 1945ರಿಂದ 1969ರವರೆಗೆ 203 ಪಂದ್ಯ ಗೆದ್ದು ಸೋತದ್ದು 36 ಮಾತ್ರ. ‘ಸಾರ್ವಕಾಲಿಕ ಶ್ರೇಷ್ಠ’ರ ಪಟ್ಟಿಗಳಲ್ಲಿ ಈ ಹೆಸರುಗಳು ಅಡಿಟಿಪ್ಪಣಿಯಾಗಿ ಬಂದರೆ ಹೆಚ್ಚು. ಪಟ್ಟಿಯ ಅಂಚಿಗೆ ಸರಿಯುವುದು ಹೇಗಿರುತ್ತದೆಂದು ಗಡಿನಾಡಿನ ಶಾಲೆಯವರಿಗೆ ವಿವರಿಸಬೇಕಾಗಿಲ್ಲ. ವಿಪರ್ಯಾಸವೆಂದರೆ, ದೊಡ್ಡ ಕಾಲೇಜುಗಳು ಬಾಗಿಲು ತೆರೆದ ಮೇಲೆ ಪ್ರತಿಭಾವಂತರು ಅತ್ತ ಹರಿದುಹೋದರು; ನ್ಯಾಯ ದೊರೆತುದೇ ಗ್ರ್ಯಾಂಬ್ಲಿಂಗ್‌ನಂತಹ ತಂಡಗಳಿಗೆ ಪೆಟ್ಟಾಯಿತು.

ಒಕ್ಲಹಾಮಾ 1953ರಿಂದ 1957ರವರೆಗೆ ಸತತವಾಗಿ 47 ಪಂದ್ಯ ಗೆದ್ದುದನ್ನು, ನೆಬ್ರಾಸ್ಕಾ 1993ರಿಂದ 1997ರವರೆಗೆ 60 ಗೆದ್ದು ಮೂರನ್ನಷ್ಟೇ ಸೋತದ್ದನ್ನು ಯಾರೂ ಕಡೆಗಣಿಸಲಾಗದು. ನೋಟರ್ ಡೇಮ್‌ನ ನೂಟ್ ರಾಕ್ನಿಯ 105 ಗೆಲುವು, 12 ಸೋಲುಗಳ ದಾಖಲೆಯೂ ಹಾಗೆಯೇ. ಆದರೆ ನನ್ನ ಮಟ್ಟಿಗೆ ಒಂದು ಆಳ್ವಿಕೆಯೆಂದು ನೋಡಿದರೆ ನಿಕ್ ಸೇಬನ್ ಅವರ ಕಾಲದ ಅಲಬಾಮಾವೇ ಮೇಲು. 2009ರಿಂದ 2020ರವರೆಗಿನ ಹನ್ನೆರಡು ಋತುಗಳಲ್ಲಿ ಆರು ಪ್ರಶಸ್ತಿ. ಅದೂ ಎಲ್ಲರಿಗೂ ಬಾಗಿಲು ತೆರೆದಿದ್ದಾಗ, ಒಂದು ತಂಡಕ್ಕೆ 85ಕ್ಕಿಂತ ಹೆಚ್ಚು ವಿದ್ಯಾರ್ಥಿವೇತನ ಕೊಡಬಾರದೆಂಬ ಕಟ್ಟುಪಾಡು ಇದ್ದಾಗ. 1941ರ ಹುಸಿ ಕಿರೀಟದ ಹಂಗು ಅದಕ್ಕೇಕೆ ಬೇಕು?

ಒಬ್ಬ ಗುರುವಿನ ಕಾಲ ಮುಗಿದ ಮೇಲೂ ಉಳಿಯುವ ಬಲವನ್ನು ಕೇಳಿದರೆ ನನ್ನ ಮತ ಒಹಾಯೋ ಸ್ಟೇಟ್‌ಗೆ. 1942ರಲ್ಲಿ ಪಾಲ್ ಬ್ರೌನ್, ಅನಂತರ ವುಡಿ ಹೇಸ್, 2002ರಲ್ಲಿ ಜಿಮ್ ಟ್ರೆಸೆಲ್, 2014ರಲ್ಲಿ ಅರ್ಬನ್ ಮೇಯರ್, 2024ರ ಋತುವಿನಲ್ಲಿ ರಯಾನ್ ಡೇ, ಹೀಗೆ ಐವರು ಬೇರೆ ಬೇರೆ ತರಬೇತುದಾರರು ಅಲ್ಲಿಗೆ ಪ್ರಶಸ್ತಿ ತಂದರು; ಕೊನೆಯದು ಹನ್ನೆರಡು ತಂಡಗಳ ನಾಕೌಟ್ ದಾಟಿ ಬಂದುದು. ಅದೇ ಋತುವಿನಲ್ಲಿ ಆ ತಂಡ ಮಿಶಿಗನ್‌ಗೆ ಸೋತಿತ್ತಲ್ಲವೇ ಎಂದು ಆನ್ ಆರ್ಬರಿನಲ್ಲಿರುವ ನಮ್ಮವರು ಕೇಳಿಯಾರು, ಕೇಳಲಿ.

ಮುಂದಿನ ಲೆಕ್ಕ ಇನ್ನೂ ಜಟಿಲ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದಾಯಿತು. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದಾಗಿದೆ. ಕಾಲೇಜಿನಿಂದ ಕಾಲೇಜಿಗೆ ಜಿಗಿಯುವುದೂ ಸುಲಭವಾಗಿದೆ. ಈ ಹೊಸ ವ್ಯವಸ್ಥೆಯಲ್ಲಿ ಕಾಲೇಜಿನ ತಂಡವೆಂಬ ಮಾತಿಗೆ ಅರ್ಥವೇ ಉಳಿಯದೆಂದು ಕೊರಗುವವರಿದ್ದಾರೆ. ಅವರ ಭಯ ಹುರುಳಿಲ್ಲದ್ದಲ್ಲ. ಆದರೆ ಅತಿ ಹೆಚ್ಚು ಸೋಲುಗಳಿಗೆ ದೀರ್ಘಕಾಲ ಹೆಸರಾಗಿದ್ದ ಇಂಡಿಯಾನಾ ವಿಶ್ವವಿದ್ಯಾನಿಲಯ 2025ರ ಋತುವಿನಲ್ಲಿ ಆಡಿದ 16 ಪಂದ್ಯಗಳನ್ನೂ ಗೆದ್ದು ಮೊದಲ ಬಾರಿಗೆ ಪ್ರಶಸ್ತಿ ಎತ್ತಿದ್ದೂ ಇದೇ ವ್ಯವಸ್ಥೆಯಲ್ಲಿ.